ಮೊದಲ ನಕ್ಷತ್ರಗಳ ಕಾಲದ ಸಿಗ್ನಲ್ ಹಿಡಿಯೋಕೆ ದೊಡ್ಡ ಆಂಟೆನಾ ಯಾಕೆ ಸಾಲದು?

ಪ್ರಶ್ನೆ: ನಾನು ಆಂಧ್ರದ ಮಡಕಶಿರ ಮಂಡಲದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನಮ್ಮ ಜಿಲ್ಲೆಯ ಚೆನ್ನೆಕೊತ್ತಪಲ್ಲಿ ಹತ್ತಿರದ ಟಿಂಬಕ್ಟುವಿನಲ್ಲಿ ಬೆಂಗಳೂರಿನ ವಿಜ್ಞಾನಿಗಳು ಆಂಟೆನಾ ಇಟ್ಟು, ಬ್ರಹ್ಮಾಂಡದ ಆದಿಕಾಲದ ರೇಡಿಯೊ ಸಿಗ್ನಲ್ ಹುಡುಕಿದ್ದರು ಎಂದು ಮಕ್ಕಳಿಗೆ ಹೇಳಿದೆ. ಅವರು ಮೂರು ಪ್ರಶ್ನೆ ಕೇಳಿದರು. ಸಿಗ್ನಲ್ ಸಣ್ಣದಾಗಿದ್ದರೆ ದೊಡ್ಡ ಆಂಟೆನಾ ಕಟ್ಟಿ ಜಾಸ್ತಿ ದಿನ ಕಾದರೆ ಆಗಲ್ವಾ? 2018ರಲ್ಲಿ ಸಿಕ್ಕಿತು ಅಂದರು, 2022ರಲ್ಲಿ ಇಲ್ಲ ಅಂದರು, ಯಾರದು ಸರಿ? ನಮ್ಮ ಶಾಲೆಯಲ್ಲೇ ಏನಾದರೂ ಹಿಡಿಯಬಹುದಾ?

ಉತ್ತರ: ಮೊದಲನೇ ಪ್ರಶ್ನೆ ಕೇಳಿದ ಮಗುವನ್ನು ಮೆಚ್ಚಬೇಕು. ಪತ್ರಿಕೆಗಳಲ್ಲಿ ಸಾಮಾನ್ಯವಾಗಿ "ಸಿಗ್ನಲ್ ತುಂಬಾ ಕ್ಷೀಣ, ಅದಕ್ಕೇ ಕಷ್ಟ" ಎಂದು ಬರೆದು ಮುಗಿಸುತ್ತಾರೆ. ಹಾಗಿದ್ದರೆ ಆ ಮಗು ಹೇಳಿದ ಉಪಾಯವೇ ಸಾಕಿತ್ತು. ನಿಜವಾದ ತೊಂದರೆ ಬೇರೆ ಕಡೆ ಇದೆ. ಲೆಕ್ಕ ಹಾಕಿಯೇ ತೋರಿಸುತ್ತೇನೆ. ಅದಕ್ಕೆ ಮುಂಚೆ ಆ ಸಿಗ್ನಲ್ ಏನು ಎಂದು ನೋಡಿಬಿಡೋಣ.

ಬ್ರಹ್ಮಾಂಡ ಹುಟ್ಟಿ ಸುಮಾರು 3 ಲಕ್ಷ 80 ಸಾವಿರ ವರ್ಷ ಆದಾಗ ಅದು ಸಾಕಷ್ಟು ತಣ್ಣಗಾಗಿತ್ತು. ಬಿಡಿಬಿಡಿಯಾಗಿದ್ದ ಪ್ರೋಟಾನು, ಎಲೆಕ್ಟ್ರಾನುಗಳು ಕೂಡಿ ಹೈಡ್ರೋಜನ್ ಪರಮಾಣುಗಳಾದವು. ಆಗ ಹೊರಟ ಬೆಳಕು ಇವತ್ತಿಗೂ ಎಲ್ಲ ದಿಕ್ಕಿನಿಂದ ಬರುತ್ತಿದೆ. ಅದರ ತಾಪಮಾನ ಈಗ 2.725 ಕೆಲ್ವಿನ್. ಇದನ್ನು ಹಿನ್ನೆಲೆ ವಿಕಿರಣ ಅನ್ನುತ್ತೇವೆ. ಆಗಿನ್ನೂ ನಕ್ಷತ್ರಗಳು ಹುಟ್ಟಿರಲಿಲ್ಲ. ಎಲ್ಲೆಲ್ಲೂ ಹೈಡ್ರೋಜನ್, ಜೊತೆಗೆ ಒಂದಿಷ್ಟು ಹೀಲಿಯಂ, ಅಷ್ಟೇ.

ಈ ಹೈಡ್ರೋಜನ್‌ಗೆ ಒಂದು ಗುಣ ಇದೆ. ಅದರ ಪ್ರೋಟಾನ್ ಮತ್ತು ಎಲೆಕ್ಟ್ರಾನ್‌ಗಳ ಸ್ಪಿನ್ (ಬುಗುರಿಯ ತಿರುಗಾಟವನ್ನು ಹೋಲುವ, ಕಣದ ಹುಟ್ಟುಗುಣ) ಒಂದೇ ದಿಕ್ಕಿಗಿದ್ದರೆ ಶಕ್ತಿ ಒಂಚೂರು ಜಾಸ್ತಿ. ಎದುರುಬದುರಾಗಿದ್ದರೆ ಒಂಚೂರು ಕಡಿಮೆ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೊರಳುವಾಗ ಪರಮಾಣು 21 ಸೆಂಟಿಮೀಟರ್ ಉದ್ದದ ರೇಡಿಯೊ ಅಲೆಯನ್ನು ಬಿಡುತ್ತದೆ, ಇಲ್ಲವೇ ಹೀರುತ್ತದೆ. ಆವರ್ತನ 1420.4 ಮೆಗಾಹರ್ಟ್ಸ್. ಒಂದು ಪರಮಾಣು ತಾನಾಗಿ ಹೊರಳಲು ಸರಾಸರಿ 1.1 ಕೋಟಿ ವರ್ಷ ಬೇಕು. ಆದರೆ ಪರಮಾಣುಗಳಿಗೆ ಲೆಕ್ಕವೇ ಇಲ್ಲವಲ್ಲ, ಹಾಗಾಗಿ ತೊಂದರೆ ಇಲ್ಲ. ಡಚ್ ವಿಜ್ಞಾನಿ ವ್ಯಾನ್ ಡಿ ಹಲ್ಸ್ಟ್ 1944ರಲ್ಲಿ ಇಂಥ ಅಲೆ ಸಿಗಬೇಕು ಎಂದಿದ್ದರು. 1951ರಲ್ಲಿ ಹಾರ್ವರ್ಡ್‌ನಲ್ಲಿ ಯೂವೆನ್ ಮತ್ತು ಪರ್ಸೆಲ್ ಕಿಟಕಿಯ ಹೊರಗೆ ಲಾಳಿಕೆಯಾಕಾರದ ಒಂದು ಹಾರ್ನ್ ಆಂಟೆನಾ ಇಟ್ಟು, ನಮ್ಮ ಹಾಲುಹಾದಿಯ ಹೈಡ್ರೋಜನ್‌ನಿಂದ ಬರುವ ಅಲೆಯನ್ನು ಹಿಡಿದೇಬಿಟ್ಟರು.

ಈಗ ಮೊದಲ ನಕ್ಷತ್ರಗಳಿಗೆ ಬರೋಣ. ಬ್ರಹ್ಮಾಂಡಕ್ಕೆ ಸುಮಾರು 18 ಕೋಟಿ ವರ್ಷ ಆಗಿದ್ದಾಗ ಎಂದಿಟ್ಟುಕೊಳ್ಳಿ. ಆಗ ಹಿನ್ನೆಲೆ ವಿಕಿರಣ ಸುಮಾರು 49 ಕೆಲ್ವಿನ್ ಇತ್ತು. ಹೈಡ್ರೋಜನ್ ಅನಿಲ ಅದಕ್ಕಿಂತ ಬೇಗ ತಣ್ಣಗಾಗಿ ಸುಮಾರು 7 ಕೆಲ್ವಿನ್‌ಗೆ ಇಳಿದಿತ್ತು. ನಕ್ಷತ್ರಗಳು ಹೊತ್ತಿಕೊಂಡು ಅವುಗಳ ಅಲ್ಟ್ರಾವಯಲೆಟ್ ಬೆಳಕು ಪರಮಾಣುಗಳಿಗೆ ತಾಗಿತು. ಆಗ ಸ್ಪಿನ್‌ಗಳ ಸ್ಥಿತಿ ಆ ತಣ್ಣನೆ ಅನಿಲಕ್ಕೆ ಹೊಂದಿಕೊಂಡಿತು. ತಣ್ಣಗಿದ್ದ ಹೈಡ್ರೋಜನ್ ಹಿನ್ನೆಲೆ ವಿಕಿರಣದಿಂದ 21 ಸೆಂಟಿಮೀಟರ್ ಅಲೆಯನ್ನು ಹೀರತೊಡಗಿತು. ಮುಂದೆ ಎಕ್ಸ್-ರೇಗಳಿಂದ ಅನಿಲ ಬಿಸಿಯಾದ ಮೇಲೆ ಹೀರುವುದು ನಿಂತಿತು. ಅಂದರೆ ನಾವು ಹುಡುಕುತ್ತಿರುವುದು ಹಿನ್ನೆಲೆಯಲ್ಲಿ ಬಿದ್ದ ಒಂದು ತಗ್ಗು. ಆ ಅಲೆ ಹೊರಟಾಗ 21 ಸೆಂಟಿಮೀಟರ್ ಇತ್ತು. ದಾರಿಯಲ್ಲಿ ಬ್ರಹ್ಮಾಂಡ ಹಿಗ್ಗಿದ್ದರಿಂದ 18 ಪಟ್ಟು ಉದ್ದವಾಗಿ ಈಗ 3.8 ಮೀಟರ್ ಆಗಿದೆ. ಆವರ್ತನ ಸುಮಾರು 79 ಮೆಗಾಹರ್ಟ್ಸ್. ಎಫ್‌ಎಂ ಶುರುವಾಗುವುದಕ್ಕೆ ಸ್ವಲ್ಪ ಕೆಳಗೆ. ರೇಡಿಯೊ ವಿಜ್ಞಾನಿಗಳು ಆಕಾಶದಿಂದ ಬರುವ ಅಲೆಯ ಬಲವನ್ನೂ ತಾಪಮಾನದ ಲೆಕ್ಕದಲ್ಲೇ ಹೇಳುತ್ತಾರೆ. ಆ ಲೆಕ್ಕದಲ್ಲಿ ತಗ್ಗಿನ ಆಳ ಸಾಮಾನ್ಯ ಲೆಕ್ಕಾಚಾರದ ಪ್ರಕಾರ ಹೆಚ್ಚೆಂದರೆ 0.2 ಕೆಲ್ವಿನ್.

ದೊಡ್ಡ ಆಂಟೆನಾ ಯಾಕೆ ಬೇಡ ಅಂದರೆ, ಈ ತಗ್ಗು ಆಕಾಶದ ಯಾವುದೋ ಒಂದು ಚುಕ್ಕೆಯಲ್ಲಿಲ್ಲ. ಇಡೀ ಆಕಾಶದಲ್ಲಿ ಹರಡಿಕೊಂಡಿದೆ. ದೊಡ್ಡ ಆಂಟೆನಾ ಆಕಾಶದ ಚಿಕ್ಕ ಭಾಗವನ್ನು ನೋಡುತ್ತದೆ, ಚಿಕ್ಕ ಆಂಟೆನಾ ದೊಡ್ಡ ಭಾಗವನ್ನು. ಎಲ್ಲ ಕಡೆ ಒಂದೇ ಸಮ ಇದ್ದದ್ದನ್ನು ಅಳೆಯುವಾಗ ಎರಡಕ್ಕೂ ಸಿಗುವ ತಾಪಮಾನ ಒಂದೇ. ಊಟಿಯ 530 ಮೀಟರ್ ಉದ್ದದ ದೂರದರ್ಶಕದಂಥದ್ದನ್ನು ಈ ಆವರ್ತನಕ್ಕೆ ಕಟ್ಟಿ ನಿಮ್ಮೂರಿಗೆ ತಂದಿಟ್ಟರೂ 0.2 ಕೆಲ್ವಿನ್ 0.2 ಆಗಿಯೇ ಇರುತ್ತದೆ. ಟಿಂಬಕ್ಟುವಿನಲ್ಲಿ ಇಟ್ಟದ್ದು ಪುಟ್ಟ ಆಂಟೆನಾ ಎಂದು ಕೇಳಿ ಯಾರೂ ನಿರಾಶರಾಗಬೇಕಿಲ್ಲ.

ಇನ್ನು ಜಾಸ್ತಿ ದಿನ ಕಾಯುವ ಮಾತು. 79 ಮೆಗಾಹರ್ಟ್ಸ್ ಹತ್ತಿರ ಆಕಾಶ ಸುಮ್ನೆ ಕೂತಿಲ್ಲ. ಹಾಲುಹಾದಿಯ ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನ್‌ಗಳು ಅಲ್ಲಿ ಭಾರೀ ಗದ್ದಲ ಮಾಡುತ್ತವೆ. 1930ರ ದಶಕದ ಶುರುವಿನಲ್ಲಿ ಕಾರ್ಲ್ ಜಾನ್ಸ್ಕಿ 20.5 ಮೆಗಾಹರ್ಟ್ಸ್‌ನಲ್ಲಿ ಕಂಡುಹಿಡಿದದ್ದು ಇದೇ ಗದ್ದಲವನ್ನು. ಹಿಂದೂಪುರದಿಂದ ಹೆಚ್ಚು ದೂರವಿಲ್ಲದ ಗೌರಿಬಿದನೂರು ವೀಕ್ಷಣಾಲಯದವರು 34.5 ಮೆಗಾಹರ್ಟ್ಸ್‌ನಲ್ಲಿ ಇದರ ನಕ್ಷೆಯನ್ನೇ ಮಾಡಿದ್ದಾರೆ. ಹಾಲುಹಾದಿಯ ನಡುಭಾಗ ಮುಳುಗಿದ ಹೊತ್ತಿನಲ್ಲೂ 79 ಮೆಗಾಹರ್ಟ್ಸ್‌ನಲ್ಲಿ ಆಕಾಶ 1500ರಿಂದ 2000 ಕೆಲ್ವಿನ್ ಇರುತ್ತದೆ. ನಮಗೆ ಬೇಕಾದ್ದು ಅದರಲ್ಲಿ 0.2. ಅಂದರೆ ಹತ್ತು ಸಾವಿರದಲ್ಲಿ ಒಂದು ಪಾಲು.

ಅಬ್ಬಾ ಅನ್ನಿಸುತ್ತದೆ ಅಲ್ವಾ? ಆದರೆ ರೇಡಿಯೊ ಗದ್ದಲದ ಅಡ್ಡಾದಿಡ್ಡಿ ಏರಿಳಿತ ಸರಾಸರಿ ಮಾಡಿದಷ್ಟೂ ತಗ್ಗುತ್ತದೆ. ಅಳೆಯುವ ಆವರ್ತನದ ಅಗಲವನ್ನು ಹರ್ಟ್ಸ್‌ನಲ್ಲೂ ಸಮಯವನ್ನು ಸೆಕೆಂಡಿನಲ್ಲೂ ತೆಗೆದುಕೊಂಡು ಗುಣಿಸಿ, ವರ್ಗಮೂಲ ತೆಗೆಯಿರಿ. ಆ ಏರಿಳಿತ ಗದ್ದಲಕ್ಕಿಂತ ಅಷ್ಟು ಪಟ್ಟು ಕಡಿಮೆಯಾಗುತ್ತದೆ. ಒಂದು ಮೆಗಾಹರ್ಟ್ಸ್ ಅಗಲ, ಒಂದು ಗಂಟೆ. 10 ಲಕ್ಷ ಗುಣಿಸು 3600, ಅದರ ವರ್ಗಮೂಲ 60 ಸಾವಿರ. 2000ವನ್ನು 60 ಸಾವಿರದಿಂದ ಭಾಗಿಸಿದರೆ 0.03 ಕೆಲ್ವಿನ್. ಒಂದೇ ಗಂಟೆಯಲ್ಲಿ ಆ ಅಡ್ಡಾದಿಡ್ಡಿ ಏರಿಳಿತ ಸಿಗ್ನಲ್‌ಗಿಂತ ಕೆಳಗೆ ಬಂತು! ಈ ಲೆಕ್ಕವನ್ನು ಬೋರ್ಡ್ ಮೇಲೆ ಮಾಡಿ ತೋರಿಸಿ. ಕಷ್ಟವೆಲ್ಲ ಕ್ಷೀಣತೆಯದ್ದೇ ಆಗಿದ್ದರೆ ಈ ಸಿಗ್ನಲ್ ಎಂದೋ ಸಿಕ್ಕಿರಬೇಕಿತ್ತು.

ನಿಮ್ಮ ಕಡೆ ಕಡ್ಲೆಕಾಯಿ ಲಾರಿಯನ್ನು ವೇ ಬ್ರಿಡ್ಜ್ ಮೇಲೆ ನಿಲ್ಲಿಸುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ಹತ್ತು ಟನ್ ಲೋಡ್. ಅದರೊಳಗೆ ಯಾರೋ ಒಂದು ಕೆಜಿಯ ಚೀಲ ಇಟ್ಟಿದ್ದಾರೋ ಇಲ್ಲವೋ ಹೇಳಬೇಕು. ಕಾಟಾ ಐದು ಕೆಜಿ ತಪ್ಪು ತೋರಿಸುವಂಥದ್ದಾದರೆ ಅದೇ ಕಾಟಾದ ಮೇಲೆ ಸಾವಿರ ಸಲ ತೂಗಿದರೂ ಪ್ರಯೋಜನವಿಲ್ಲ. ಸಾವಿರ ಸಲವೂ ಅದೇ ಐದು ಕೆಜಿ ತಪ್ಪು ಬರುತ್ತದೆ. ಅಡ್ಡಾದಿಡ್ಡಿ ತಪ್ಪು ಸರಾಸರಿಯಲ್ಲಿ ಕರಗುತ್ತದೆ. ಉಪಕರಣದ ತಪ್ಪು ಕರಗುವುದಿಲ್ಲ. ಈ ಕ್ಷೇತ್ರದ ಮುಕ್ಕಾಲುಪಾಲು ಕೆಲಸ ಕಾಟಾ ಸರಿಮಾಡುವ ಕೆಲಸವೇ.

ಇಲ್ಲಿ ಒಂದೇ ಒಂದು ಅನುಕೂಲ ಇದೆ. ಹಾಲುಹಾದಿಯ ಗದ್ದಲ ಆವರ್ತನ ಏರಿದಂತೆ ನುಣ್ಣಗೆ ಇಳಿಯುತ್ತದೆ, ಎಲ್ಲೂ ಉಬ್ಬುತಗ್ಗಿಲ್ಲ. ನಮ್ಮ ಸಿಗ್ನಲ್‌ಗೆ ತಗ್ಗಿನ ಆಕಾರ ಇದೆ. ಗ್ರಾಫ್ ಹಾಕಿ, ನುಣುಪಾದ ಗೆರೆಯನ್ನು ಕಳೆದುಬಿಟ್ಟರೆ ಉಳಿದದ್ದೇ ಸಿಗ್ನಲ್ ಆಗಬೇಕು. ಆದರೆ ಆ ತಗ್ಗು 20 ಮೆಗಾಹರ್ಟ್ಸ್‌ನಷ್ಟು ಅಗಲವಾಗಿ ಹರಡಿಕೊಂಡಿರುತ್ತದೆ. ಹಾಲುಹಾದಿಯ 1420ರ ಗೆರೆಯಂತೆ ಚೂಪಾಗಿಲ್ಲ. ಹಾಗಾಗಿ ಉಪಕರಣವೇ ಅಂಥ ಅಗಲದ ಒಂದು ಅಲೆಯನ್ನು ಗ್ರಾಫ್‌ನಲ್ಲಿ ಎಬ್ಬಿಸಿದರೆ ಎರಡನ್ನೂ ಬೇರೆ ಮಾಡೋದು ಕಷ್ಟ. ಉಪಕರಣ ಅದನ್ನು ಬಹಳ ಸುಲಭವಾಗಿ ಎಬ್ಬಿಸುತ್ತದೆ.

ಹೇಗೆ ಅಂತ ನಿಮ್ಮ ಜಿಲ್ಲೆಯ ನೆಲದಿಂದಲೇ ಹೇಳುತ್ತೇನೆ. ಬೋರ್‌ವೆಲ್ ಕೊರೆಸಿದವರಿಗೆಲ್ಲ ಗೊತ್ತು. ಮೇಲೆ ಕೆಂಪು ಮಣ್ಣು, ಆಮೇಲೆ ಪುಡಿಯಾದ ಕಲ್ಲು, ಅದರ ಕೆಳಗೆ ಗಟ್ಟಿ ಬಂಡೆ. ಆಕಾಶದಿಂದ ಬಂದ ಅಲೆ ಆಂಟೆನಾಗೆ ನೇರವಾಗಿಯೂ ತಾಗುತ್ತದೆ, ಒಂದು ಪಾಲು ನೆಲಕ್ಕಿಳಿದು ಬಂಡೆಗೆ ಬಡಿದು ವಾಪಸ್ ಬಂದೂ ತಾಗುತ್ತದೆ. ಕೆಲವು ಆವರ್ತನಗಳಲ್ಲಿ ಇವೆರಡೂ ಕೂಡುತ್ತವೆ, ಕೆಲವಲ್ಲಿ ಕಳೆಯುತ್ತವೆ. ಒಣ ಮಣ್ಣಿನಲ್ಲಿ ರೇಡಿಯೊ ಅಲೆ ಗಾಳಿಯಲ್ಲಿನ ಸುಮಾರು ಅರ್ಧ ವೇಗದಲ್ಲಿ ಹೋಗುತ್ತದೆ. ಬಂಡೆ 12 ಅಡಿ ಆಳದಲ್ಲಿದ್ದರೆ ಹೋಗಿ ಬರಲು ಸುಮಾರು 50 ನ್ಯಾನೋಸೆಕೆಂಡ್ ಬೇಕು. ಅಷ್ಟು ತಡವಾದರೆ ಗ್ರಾಫ್‌ನಲ್ಲಿ 20 ಮೆಗಾಹರ್ಟ್ಸ್‌ಗೊಂದು ಏರಿಳಿತ ಮೂಡುತ್ತದೆ. ಮೊದಲ ನಕ್ಷತ್ರಗಳ ತಗ್ಗಿನ ಅಗಲವೂ ಅಷ್ಟೇ! ನಿಮ್ಮ ಹೊಲದ ಬಂಡೆ ಆದಿ ಬ್ರಹ್ಮಾಂಡದ ವೇಷ ಹಾಕಿ ನಿಲ್ಲುತ್ತದೆ. ಬಂದದ್ದರಲ್ಲಿ ಹತ್ತು ಸಾವಿರಕ್ಕೆ ಒಂದರಷ್ಟು ಏರುಪೇರಾದರೂ ಸಾಕು. ಇದರ ಮೇಲೆ ಒಂದು ಮಳೆ ಬಿದ್ದರೆ ಮಣ್ಣಿನ ವಿದ್ಯುತ್ ಗುಣವೇ ಬದಲಾಗುತ್ತದೆ, ನಿನ್ನೆಯ ಲೆಕ್ಕ ಇವತ್ತಿಗೆ ನಡೆಯುವುದಿಲ್ಲ. ಮಳೆ ಅಪರೂಪವಾದ ನಿಮ್ಮ ಜಿಲ್ಲೆ ಆ ಮಟ್ಟಿಗೆ ಅನುಕೂಲವೇ.

ನೆಲ ಒಂದು ಕಡೆ. ಆಂಟೆನಾ ಇನ್ನೊಂದು. ಯಾವ ಆಂಟೆನಾವೂ ಎಲ್ಲ ಆವರ್ತನವನ್ನು ಸಮನಾಗಿ ಸ್ವೀಕರಿಸುವುದಿಲ್ಲ. ಒಂದು ಪಾಲು ಅಲೆ ರಿಸೀವರ್‌ಗೆ ಹೋಗದೆ ಹಿಂದಕ್ಕೆ ಚಿಮ್ಮುತ್ತದೆ. ಆಂಪ್ಲಿಫೈಯರ್ ಕೂಡ ತನ್ನದೇ ಗದ್ದಲ ಮಾಡುತ್ತದೆ. ಅದರಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿ, ಆಂಟೆನಾಗೆ ಬಡಿದು, ಮತ್ತೆ ಒಳಗೆ ಬರುತ್ತದೆ. ಮಧ್ಯದಲ್ಲಿ ಉದ್ದನೆ ಕೇಬಲ್ ಇದ್ದರೆ ಏರಿಳಿತದ ಸಾಲೇ ಬೀಳುತ್ತದೆ. ಆಂಟೆನಾದ ನೋಟದ ಅಗಲ ಸಹ ಆವರ್ತನದ ಜೊತೆ ಬದಲಾಗುತ್ತದೆ. ಒಂದು ಆವರ್ತನದಲ್ಲಿ ಹಾಲುಹಾದಿ ಹೆಚ್ಚು ಕಂಡರೆ ಇನ್ನೊಂದರಲ್ಲಿ ಕಡಿಮೆ ಕಾಣುತ್ತದೆ. ಹೀಗೆ ನುಣುಪಾದ ಆಕಾಶವನ್ನು ಉಪಕರಣವೇ ಉಬ್ಬುತಗ್ಗು ಮಾಡಿ ನಮಗೆ ಕೊಡುತ್ತದೆ.

ನೀವು ಹೇಳಿದ ಬೆಂಗಳೂರಿನ ವಿಜ್ಞಾನಿಗಳು, ಅಂದರೆ ರಾಮನ್ ಸಂಶೋಧನಾ ಸಂಸ್ಥೆಯವರು ನಡೆಸಿದ ಸರಸ್ ಪ್ರಯೋಗದ ಜಾಣತನ ಇರುವುದು ಇಲ್ಲೇ. ತಪ್ಪನ್ನು ಪೂರ್ತಿ ತೆಗೆಯಲಾಗದಿದ್ದರೆ ಅದನ್ನು ನುಣ್ಣಗಾದರೂ ಮಾಡೋಣ ಎಂದು ಅವರು ಹೊರಟರು. ತಪ್ಪು ನುಣ್ಣಗಿದ್ದರೆ ಹಾಲುಹಾದಿಯ ಜೊತೆ ಅದೂ ಕಳೆದುಹೋಗುತ್ತದೆ. ಅದಕ್ಕೇ ಆಂಟೆನಾಗೆ ಗೋಳ, ಶಂಕುಗಳಂಥ ಆಕಾರ ಕೊಟ್ಟರು. ರಿಸೀವರನ್ನು ಆಂಟೆನಾದ ಬುಡದಲ್ಲೇ ಕೂರಿಸಿದರು, ನಡುವೆ ಉದ್ದ ಕೇಬಲ್ಲೇ ಇಲ್ಲ. ಟಿಂಬಕ್ಟುವಿನಲ್ಲಿ ಇದ್ದದ್ದು ಸರಸ್-2, ಗೋಳದ ಆಂಟೆನಾ, 110ರಿಂದ 200 ಮೆಗಾಹರ್ಟ್ಸ್. ರಾತ್ರಿ ಹೊತ್ತು ಸಂಗ್ರಹಿಸಿದ 63 ಗಂಟೆಯ ಮಾಹಿತಿಯಿಂದ, ಆದಿಕಾಲದ ಅನಿಲ ತೀರಾ ಕಡಿಮೆ ಬಿಸಿಯಾಗಿತ್ತು ಅನ್ನುವ ಕೆಲವು ಸಿದ್ಧಾಂತ ಮಾದರಿಗಳನ್ನು ಅವರು ತಳ್ಳಿಹಾಕಿದರು. ಅದು 2017ರಲ್ಲಿ ಪ್ರಕಟವಾಯಿತು. ಸಿಗ್ನಲ್ ಸಿಕ್ಕಲಿಲ್ಲ, ಆದರೆ ಏನು ಸಾಧ್ಯವಿಲ್ಲ ಅನ್ನುವುದು ಗೊತ್ತಾಯಿತು. ನಮ್ಮಲ್ಲಿ ಇಂಥ ಫಲಿತಾಂಶಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಅದು ಬೇರೆ ಮಾತು.

ಊರಿಂದ ದೂರದ, ಬೆಟ್ಟಗಳ ನಡುವಿನ ಜಾಗ ಯಾಕೆ ಬೇಕು ಅಂದರೆ ಎಫ್‌ಎಂ ಕಾಟಕ್ಕೆ. 88ರಿಂದ 108 ಮೆಗಾಹರ್ಟ್ಸ್ ಅಂದರೆ ಬ್ರಹ್ಮಾಂಡಕ್ಕೆ ಸುಮಾರು 27ರಿಂದ 36 ಕೋಟಿ ವರ್ಷ ವಯಸ್ಸಾಗಿದ್ದ ಕಾಲದ ಹೈಡ್ರೋಜನ್ ಅಲೆಗಳು ಬರುವ ಜಾಗ. ಅದೇ ಪಟ್ಟಿಯಲ್ಲಿ ನಾವು ಸಿನಿಮಾ ಹಾಡು ಹಾಕಿ ಕೂತಿದ್ದೇವೆ. ಬೆಟ್ಟ ಅಡ್ಡ ಇದ್ದರೂ ಪೂರ್ತಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಎಫ್‌ಎಂ ಅಲೆ ವಿಮಾನಕ್ಕೆ, ಉಲ್ಕೆಯ ಜಾಡಿಗೆ, ಕೊನೆಗೆ ಚಂದ್ರನಿಗೂ ಬಡಿದು ವಾಪಸ್ ಬರುತ್ತದೆ. ವಿಮಾನಗಳ ಮಾತುಕತೆ 118ರಿಂದ 137ರವರೆಗೆ, ಅದರ ಮೇಲೆ ಉಪಗ್ರಹಗಳು. ವಿದ್ಯುತ್ ತಂತಿಯ ಕಿಡಿ, ಅಗ್ಗದ ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್ ಎಲ್ಲವೂ ಸಾಲದ್ದಕ್ಕೆ ಪ್ರಯೋಗದ ಸ್ವಂತ ಕಂಪ್ಯೂಟರ್ ಕೂಡ ಗದ್ದಲ ಮಾಡುತ್ತದೆ.

ಎರಡನೇ ಪ್ರಶ್ನೆ. 2018ರ ಮಾರ್ಚ್ 1ರಂದು ನೇಚರ್ ಪತ್ರಿಕೆಯಲ್ಲಿ ಅಮೆರಿಕದ ಜಡ್ ಬೌಮನ್ ಮತ್ತು ಸಂಗಡಿಗರ ಎಡ್ಜಸ್ ಪ್ರಯೋಗದ ಫಲಿತಾಂಶ ಬಂತು. ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಂಥ ಜಾಗದಲ್ಲಿ ಮೇಜಿನಂಥ ಆಂಟೆನಾ, ಕೆಳಗೆ 30 ಮೀಟರ್ ಉದ್ದ ಅಗಲದ ಲೋಹದ ಜಾಲರಿ. 78 ಮೆಗಾಹರ್ಟ್ಸ್‌ನಲ್ಲಿ 19 ಮೆಗಾಹರ್ಟ್ಸ್ ಅಗಲದ ತಗ್ಗು ಕಂಡಿತು. ತಗ್ಗು ಕಂಡ ಆವರ್ತನ ಸರಿಯಾಗಿಯೇ ಇತ್ತು. ಆದರೆ ಆಳ 0.5 ಕೆಲ್ವಿನ್, ನಾವು ನಿರೀಕ್ಷಿಸಿದ್ದರ ಎರಡು ಪಟ್ಟಿಗಿಂತ ಜಾಸ್ತಿ. ಜೊತೆಗೆ ತಗ್ಗಿನ ತಳ ಬೋಗುಣಿಯಂತಿರದೆ ಚಪ್ಪಟೆಯಾಗಿತ್ತು. ಅದೇ ಸಂಚಿಕೆಯಲ್ಲಿ ರೆನ್ನನ್ ಬರ್ಕಾನ ಅವರು, ಕಪ್ಪು ದ್ರವ್ಯ (ಕಣ್ಣಿಗೆ ಕಾಣದ, ಗುರುತ್ವದಿಂದಷ್ಟೇ ಗೊತ್ತಾಗಿರುವ ವಸ್ತು) ಅನಿಲವನ್ನು ಇನ್ನಷ್ಟು ತಣ್ಣಗೆ ಮಾಡಿರಬಹುದು ಎಂದು ವಿವರಣೆ ಕೊಟ್ಟರು. ನಿಜವಾಗಿದ್ದರೆ ಭೌತಶಾಸ್ತ್ರವೇ ಅಲುಗಾಡುವ ಸುದ್ದಿ. ಅದೇ ವರ್ಷ ರಿಚರ್ಡ್ ಹಿಲ್ಸ್ ಮತ್ತು ಇತರರು ಆ ಲೆಕ್ಕವನ್ನೇ ಮತ್ತೆ ಮಾಡಿ ನೋಡಿದರು. ಆ ತಗ್ಗು ಬರಬೇಕಾದರೆ ಆಕಾಶದ ಗದ್ದಲಕ್ಕೆ ಅಸಹಜ ಬೆಲೆಗಳನ್ನು ಒಪ್ಪಬೇಕಾಗುತ್ತದೆ, ಉಪಕರಣದ ಒಂದು ಏರಿಳಿತವನ್ನು ಸೇರಿಸಿದರೆ ಕಥೆ ಬೇರೆಯಾಗುತ್ತದೆ ಎಂದು ತೋರಿಸಿದರು. ನೆಲದ ಜಾಲರಿಯೇ ಅನುರಣಿಸಿ ತಗ್ಗು ಮೂಡಿಸಿರಬಹುದು ಎಂದು ಇನ್ನೊಂದು ಗುಂಪು 2019ರಲ್ಲಿ ಬರೆಯಿತು.

ಸರಸ್-3ರವರು ನೆಲದ ಗೊಡವೆಯೇ ಬೇಡ ಎಂದು 2020ರ ಶುರುವಿನಲ್ಲಿ ನೀರಿಗಿಳಿದರು. ಶಂಕುವಿನಾಕಾರದ ಆಂಟೆನಾವನ್ನು ತೆಪ್ಪದ ಮೇಲಿಟ್ಟು ಕರ್ನಾಟಕದ ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ಶರಾವತಿ ಹಿನ್ನೀರಿನಲ್ಲಿ ತೇಲಿಸಿದರು. ನೀರಿನಲ್ಲಿ ಮಣ್ಣಿನಂತೆ ಪದರಗಳಿಲ್ಲ, ಎಲ್ಲ ಕಡೆ ಒಂದೇ ಗುಣ. ನೀರಿನೊಳಗೆ ರೇಡಿಯೊ ಅಲೆಯ ವೇಗ ಒಂಬತ್ತನೇ ಒಂದು ಭಾಗಕ್ಕೆ ಇಳಿಯುವುದರಿಂದ ಬಹುಪಾಲು ಅಲೆ ಮೇಲ್ಮೈಯಲ್ಲೇ ಹಿಂದಿರುಗುತ್ತದೆ. 55ರಿಂದ 85 ಮೆಗಾಹರ್ಟ್ಸ್‌ವರೆಗೆ ಅಳೆದರು. 2022ರ ಫೆಬ್ರವರಿ 28ರಂದು ನೇಚರ್ ಆಸ್ಟ್ರಾನಮಿಯಲ್ಲಿ ಸೌರಭ್ ಸಿಂಗ್ ಮತ್ತು ಸಂಗಡಿಗರು ಫಲಿತಾಂಶ ಕೊಟ್ಟರು. ಎಡ್ಜಸ್ ಹೇಳಿದ ಆಕಾರದ ತಗ್ಗು ಆಕಾಶದಲ್ಲಿಲ್ಲ, 95.3 ಶೇಕಡಾ ವಿಶ್ವಾಸದಿಂದ ಹೇಳುತ್ತೇವೆ ಅಂದರು.

ಯಾರದು ಸರಿ ಅಂದರೆ, ನಾನು ಬೆಂಗಳೂರಿನವರ ಕಡೆ ವಾಲುತ್ತೇನೆ. ನಮ್ಮವರು ಅಂತಲ್ಲ, ಆ 95.3 ಅನ್ನುವ ಅಂಕಿಗಾಗಿಯೂ ಅಲ್ಲ. ಕಣ ಭೌತಶಾಸ್ತ್ರದವರು ಹೊಸದನ್ನು ಒಪ್ಪಲು ಇದಕ್ಕಿಂತ ಎಷ್ಟೋ ಕಟ್ಟುನಿಟ್ಟಾದ ಮಟ್ಟ ಇಟ್ಟುಕೊಂಡಿದ್ದಾರೆ. ನನಗೆ ಹೆಚ್ಚು ತೂಕದ್ದೆನಿಸುವುದು ಆ ತಗ್ಗಿನ ವಿಚಿತ್ರ ಆಕಾರ. ಚಪ್ಪಟೆ ತಳವನ್ನು ಪ್ರಕೃತಿಯಿಂದ ವಿವರಿಸುವುದಕ್ಕಿಂತ ಉಪಕರಣದಿಂದ ವಿವರಿಸುವುದು ಸುಲಭ. ಹಾಗಂತ ಎಡ್ಜಸ್‌ನವರು ಅಜಾಗರೂಕರು ಎಂದು ಮಕ್ಕಳಿಗೆ ಹೇಳಬೇಡಿ. ಅವರು ಬೇರೆ ಬೇರೆ ಆಂಟೆನಾ, ಬೇರೆ ದಿಕ್ಕು, ಬೇರೆ ಜಾಲರಿ ಇಟ್ಟು ಪರೀಕ್ಷೆ ಮಾಡಿಯೇ ಪ್ರಕಟಿಸಿದ್ದರು. ಇನ್ನೊಂದು ಮಾತು. ಸರಸ್-3 ತಳ್ಳಿಹಾಕಿದ್ದು ಆ ಒಂದು ಆಕಾರವನ್ನು ಮಾತ್ರ. ಸುಮಾರು 0.2 ಕೆಲ್ವಿನ್ ಆಳದ ಸಾಮಾನ್ಯ ತಗ್ಗು ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ದಕ್ಷಿಣ ಆಫ್ರಿಕಾದ ಕರೂ ಬಯಲಿನಲ್ಲಿ ರೀಚ್, ಕೆನಡಾದ ಉತ್ತರ ಧ್ರುವದ ಕಡೆ ಮಿಸ್ಟ್ ಎಂಬ ಪ್ರಯೋಗಗಳು ಹುಡುಕುತ್ತಿವೆ. ಮಿಸ್ಟ್‌ನವರು ಲೋಹದ ಜಾಲರಿಯನ್ನೇ ಬಿಟ್ಟುಬಿಟ್ಟಿದ್ದಾರೆ. ನಾರಾಯಣಗಾಂವ್ ಬಳಿಯ ಜಿಎಂಆರ್‌ಟಿ, ಆಫ್ರಿಕಾದ ಹೀರಾ ಮುಂತಾದ ದೊಡ್ಡ ದೂರದರ್ಶಕ ಸಾಲುಗಳು ಹುಡುಕುವುದು ಬೇರೆಯದನ್ನು. ಈ ಸಿಗ್ನಲ್ ಆಕಾಶದಲ್ಲಿ ಜಾಗದಿಂದ ಜಾಗಕ್ಕೆ ಎಷ್ಟು ಏರುಪೇರಾಗುತ್ತದೆ ಎಂಬುದನ್ನು. ಅಲ್ಲಿ ಮಾತ್ರ ದೊಡ್ಡ ಆಂಟೆನಾ ಬೇಕೇ ಬೇಕು.

ಚಂದ್ರನ ಆಚೆ ಬದಿಗೆ ಹೋದರೆ? ಅಲ್ಲಿ ಭೂಮಿಯ ಎಫ್‌ಎಂ ತಲುಪುವುದಿಲ್ಲ. 1973ರಲ್ಲಿ ಹಾರಿದ ನಾಸಾದ ಒಂದು ಉಪಗ್ರಹ ಚಂದ್ರನ ಹಿಂದೆ ಹೋದಾಗ ಭೂಮಿಯ ಗದ್ದಲ ನಿಂತುಹೋದದ್ದನ್ನು ಅಳೆದಿದೆ. ಕಡಿಮೆ ಆವರ್ತನಗಳನ್ನು ಕೆಡಿಸುವ ನಮ್ಮ ಅಯಾನುಗೋಳವೂ (ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರ) ಅಲ್ಲಿಲ್ಲ. ರಾಮನ್ ಸಂಸ್ಥೆಯವರು ಪ್ರತುಷ್ ಎಂಬ ಉಪಕರಣವನ್ನು ಚಂದ್ರನ ಕಕ್ಷೆಗೆ ಕಳಿಸುವ ಯೋಜನೆ ಮಾಡುತ್ತಿದ್ದಾರೆ. ಒಳ್ಳೆಯದೇ. ಆದರೆ ಆ ನೌಕೆಯ ಸ್ವಂತ ಎಲೆಕ್ಟ್ರಾನಿಕ್ಸ್, ಸೋಲಾರ್ ಪ್ಯಾನೆಲ್, ಕೆಳಗಿನ ಚಂದ್ರನ ನೆಲದ ಪ್ರತಿಫಲನ ಜೊತೆಗೇ ಹೋಗುತ್ತವೆ. ಎಫ್‌ಎಂನಿಂದ ಓಡಿಹೋಗಬಹುದು, ನಮ್ಮದೇ ಪೆಟ್ಟಿಗೆಯಿಂದ ಓಡಿಹೋಗಲು ಆಗುವುದಿಲ್ಲ.

ಕೊನೆಗೆ ನಿಮ್ಮ ಶಾಲೆ. 79 ಮೆಗಾಹರ್ಟ್ಸ್‌ನ ಆ ತಗ್ಗು ನಿಮ್ಮ ಕೈಗೆ ಬರುವುದಿಲ್ಲ, ಆ ಆಸೆ ಬಿಡಿ. ಆದರೆ 1951ರ ಹಾರ್ವರ್ಡ್ ಪ್ರಯೋಗವನ್ನು ಖಂಡಿತ ಮಾಡಬಹುದು. ಕಂಪ್ಯೂಟರಿನ ಯುಎಸ್‌ಬಿಗೆ ಚುಚ್ಚುವ, ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಎಂಬ ಪುಟ್ಟ ರೇಡಿಯೊ ರಿಸೀವರ್ ಸಿಗುತ್ತದೆ, 1420 ಮೆಗಾಹರ್ಟ್ಸ್ ಅದರ ವ್ಯಾಪ್ತಿಯಲ್ಲೇ ಇದೆ. ಹೈಡ್ರೋಜನ್ ಗೆರೆಗೆಂದೇ ಮಾಡಿದ, ಫಿಲ್ಟರ್ ಇರುವ ಆಂಪ್ಲಿಫೈಯರ್ ಒಂದು ಬೇಕು. ಎರಡೂ ಸೇರಿ ಕೆಲವು ಸಾವಿರ ರೂಪಾಯಿ. ಹಾರ್ನ್ ನೀವೇ ಮಾಡಿ. ಚೌಕಾಕಾರದ ದೊಡ್ಡ ಎಣ್ಣೆ ಡಬ್ಬಿ, ಅದರೊಳಗೆ 5.3 ಸೆಂಟಿಮೀಟರ್ ಉದ್ದದ ತಾಮ್ರದ ಕಡ್ಡಿ, ಅಂದರೆ ಅಲೆಯ ಕಾಲು ಭಾಗ. ಡಬ್ಬಿಯ ಬಾಯಿಗೆ ರಟ್ಟಿನ ಲಾಳಿಕೆ ಕೂರಿಸಿ ಒಳಗೆಲ್ಲ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿ. ಬಾಯಿ ಎರಡು ಅಡಿಗಿಂತ ಅಗಲ ಇರಲಿ. ಆಂಪ್ಲಿಫೈಯರನ್ನು ಕಡ್ಡಿಯ ಬುಡಕ್ಕೇ ಜೋಡಿಸಿ, ಕೇಬಲ್ ಆಮೇಲೆ ಬರಲಿ.

ಮೊದಲು ಹಾಲುಹಾದಿ ಇಲ್ಲದ ಕಡೆ ತಿರುಗಿಸಿ ಹತ್ತು ನಿಮಿಷ ಅಳೆಯಿರಿ. ಆಮೇಲೆ ಶ್ರವಣ ನಕ್ಷತ್ರದ ಪಕ್ಕ ಹಾಯುವ ಹಾಲುಹಾದಿಯ ಕಡೆ ತಿರುಗಿಸಿ ಅಷ್ಟೇ ಹೊತ್ತು ಅಳೆಯಿರಿ. ಒಂದರಿಂದ ಇನ್ನೊಂದನ್ನು ಕಳೆಯಿರಿ. 1420.4 ಹತ್ತಿರ ಉಬ್ಬು ಕಾಣಬೇಕು. ಅದು ಒಂದೇ ಚೂಪಾಗಿರದೆ ಅಗಲವಾಗಿಯೋ ಎರಡು ಮೂರು ಕೊಂಬಾಗಿಯೋ ಕಾಣಬಹುದು. ಬೇರೆ ಬೇರೆ ಸುರುಳಿ ತೋಳುಗಳು ಬೇರೆ ಬೇರೆ ವೇಗದಲ್ಲಿ ಚಲಿಸುವುದೇ ಅದಕ್ಕೆ ಕಾರಣ. 4.7 ಕಿಲೋಹರ್ಟ್ಸ್ ಸರಿದರೆ ಸೆಕೆಂಡಿಗೆ ಒಂದು ಕಿಲೋಮೀಟರ್ ವೇಗ ಎಂದು ಮಕ್ಕಳೇ ಲೆಕ್ಕ ಹಾಕಬಹುದು. ಜುಲೈ ಮಧ್ಯದಲ್ಲಿ ಶ್ರವಣ ನಡುರಾತ್ರಿಗೆ ನೆತ್ತಿ ಹತ್ತಿರ ಬರುತ್ತದೆ, ಸೆಪ್ಟೆಂಬರ್ ಶುರುವಿಗೆ ರಾತ್ರಿ ಒಂಬತ್ತಕ್ಕೇ ಸಿಗುತ್ತದೆ. ಶಾಲೆಗೆ ಸೆಪ್ಟೆಂಬರ್ ಅನುಕೂಲ. ಈ ಆವರ್ತನಕ್ಕೆ ಮೋಡ ಅಡ್ಡಿಯಲ್ಲ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ನಡೆಸಿ, ಹತ್ತಿರದ ಎಲ್‌ಇಡಿ ದೀಪಗಳನ್ನು ಆರಿಸಿ. ಮೊದಲ ದಿನ ಗ್ರಾಫ್‌ನಲ್ಲಿ ಕಂಡ ಉಬ್ಬನ್ನು ತಕ್ಷಣ ನಂಬಬೇಡಿ. ಹಾರ್ನನ್ನು ಬೇರೆ ಕಡೆ ತಿರುಗಿಸಿದಾಗಲೂ ಅದು ಅಲ್ಲೇ ಹಾಗೇ ನಿಂತಿದ್ದರೆ ಅದು ನಿಮ್ಮ ಡಾಂಗಲ್‌ದು.